ನಾಲ್ಕನೇ ವರ್ಷವೂ ಅದೇ ಆಡಿಟ್ ಆಕ್ಷೇಪಣೆ: ಸಣ್ಣ ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ ಏನು ಮಾಡೋದು?

ಮಾಗಡಿ ಹುಡುಗಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ನಾನಿರೋದು ಅಪ್‌ಸ್ಟೇಟ್ ನ್ಯೂಯಾರ್ಕ್‌ನ ಒಂದು ಹಳ್ಳಿಯಲ್ಲಿ. ನಾಲ್ಕು ಹಾಲಿನ ಫಾರ್ಮು, ಒಂದು ಪೆಟ್ರೋಲ್ ಬಂಕು, ಒಂದು ಶಾಲೆ, ಅಷ್ಟೇ ಊರು. ಇಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ ಅಂದ್ರೆ ನಮ್ಮ ರಾಮನಗರ ಜಿಲ್ಲೆ ಥರ ಅಲ್ಲ. ಒಂದೆರಡು ಶಾಲೆ ನಡೆಸೋ ಪುಟ್ಟ ಸಂಸ್ಥೆ. ಅದಕ್ಕೆ ತನ್ನದೇ ಆಸ್ತಿ ತೆರಿಗೆ, ತನ್ನದೇ ಬಜೆಟ್ಟು, ಊರವರೇ ಆರಿಸೋ ಬೋರ್ಡು. ನಮ್ಮಲ್ಲಿ ಮಕ್ಕಳು 400ರ ಆಸುಪಾಸು, ಬಜೆಟ್ 1.2 ಕೋಟಿ ಡಾಲರ್. ಮೇ ತಿಂಗಳ ಚುನಾವಣೆಗೆ ಯಾರೂ ನಿಲ್ಲಲಿಲ್ಲ ಅಂತ ನಾನು ನಿಂತೆ. ಎದುರಾಳಿಯೇ ಇಲ್ಲದೆ ಗೆದ್ದೆ. ಜುಲೈ ಸಭೆಯಲ್ಲಿ, "ನೀವು ಕಂಪ್ಯೂಟರ್ ಕೆಲಸದವರು, ಲೆಕ್ಕ ಬರುತ್ತಲ್ಲ" ಅಂತ ಆಡಿಟ್ ಕಮಿಟಿಗೆ ಹಾಕಿಬಿಟ್ಟರು.

ಅಕ್ಟೋಬರ್‌ನಲ್ಲಿ ಹೊರಗಿನ ಆಡಿಟರ್ ವರದಿ ಕೊಟ್ಟರು. ಮುಖ್ಯ ಆಕ್ಷೇಪಣೆ ಏನಪ್ಪಾ ಅಂದ್ರೆ: ನಮ್ಮ ಬಿಸಿನೆಸ್ ಆಫೀಸಿನಲ್ಲಿ ಒಬ್ಬರೇ ಮೇಡಂ ಹೊಸ ಸಪ್ಲೈಯರ್ ಹೆಸರು ಸೇರಿಸ್ತಾರೆ, ಬಿಲ್ ಎಂಟ್ರಿ ಮಾಡ್ತಾರೆ, ಚೆಕ್ ಪ್ರಿಂಟ್ ಹಾಕ್ತಾರೆ, ಸಂಬಳ ಓಡಿಸ್ತಾರೆ, ತಿಂಗಳ ಕೊನೆಗೆ ಬ್ಯಾಂಕ್ ತಾಳೆಯನ್ನೂ (ನಮ್ಮ ಲೆಕ್ಕ ಬ್ಯಾಂಕಿನ ಲೆಕ್ಕಕ್ಕೆ ಹೊಂದುತ್ತಾ ಅನ್ನೋದು) ಅವರೇ ನೋಡ್ತಾರೆ. ತಾಳೆ ಬೇರೆ ನಾಲ್ಕು ತಿಂಗಳು ಹಿಂದೆ ಬಿದ್ದಿದೆ.

ಹಳೇ ವರದಿಗಳನ್ನು ತೆಗೆದು ನೋಡಿದೆ. ನಾಲ್ಕು ವರ್ಷದಿಂದ ಅದೇ ಆಕ್ಷೇಪಣೆ. ನಮ್ಮ ಕಡೆಯ ಉತ್ತರವೂ ಅದೇ: "ಸಿಬ್ಬಂದಿ ಕಡಿಮೆ ಇರುವುದರಿಂದ ಪೂರ್ತಿ ಸರಿಪಡಿಸಲಾಗದು, ಪರಿಶೀಲಿಸುತ್ತೇವೆ." ನಾಲ್ಕು ವರ್ಷವೂ ಒಂದೇ ಪದದಲ್ಲಿ ಒಂದೇ ಕಾಗುಣಿತದ ತಪ್ಪು. ಕಾಪಿ ಹೊಡೆಯುವಾಗ ಯಾರೂ ಓದಿಯೂ ಇಲ್ಲ.

ಬೋರ್ಡ್ ಅಧ್ಯಕ್ಷರನ್ನು ಕೇಳಿದ್ರೆ, "ಸಣ್ಣ ಡಿಸ್ಟ್ರಿಕ್ಟ್‌ಗಳಲ್ಲಿ ಇದು ಇದ್ದದ್ದೇ, ಎಲ್ಲರಿಗೂ ಬರುತ್ತೆ" ಅಂದ್ರು. ಆ ಮೇಡಂ 22 ವರ್ಷದಿಂದ ಇದ್ದಾರೆ, ಬಂಗಾರದಂಥ ಮನುಷ್ಯರು. ನನ್ನ ಮಗನ ಊಟದ ಖಾತೆ ಖಾಲಿಯಾದಾಗ ಫೋನ್ ಮಾಡಿ ಹೇಳಿದವರು ಅವರೇ. ಅವರ ಮೇಲೆ ಅನುಮಾನ ಅನ್ನೋ ಹಾಗೆ ಕಾಣದಂತೆ ಇದನ್ನು ಹೇಗೆ ಎತ್ತಲಿ? ಎತ್ತಲೇಬೇಕಾ?

ಕುಂದಾಪ್ರದವ

ಎತ್ತಲೇಬೇಕು ಮಾರಾಯ್ರೆ. ಬಂಗಾರದಂಥ ಮನುಷ್ಯರು ಅಂತ ನೀವು ಹೇಳಿದ ಕೂಡಲೇ ನನಗೆ ಹೆದರಿಕೆ ಆಯ್ತು. ನಮ್ಮ ಊರಿನ ಸೊಸೈಟಿ ಮುಳುಗಿಸಿದವರಿಗೂ ಊರಿಡೀ ಅದೇ ಹೆಸರು ಇತ್ತು.

ತಾಳೆಪಟ್ಟಿ

ನಾನು ಮಿಡ್‌ವೆಸ್ಟ್‌ನಲ್ಲಿ ಸಿಪಿಎ, ನಮ್ಮ ಕಡೆ ಸಿಎ ಅಂತಾರಲ್ಲ ಹಾಗೆ. ಹದಿನೈದು ವರ್ಷದಿಂದ ಇಂಥ ಪುಟ್ಟ ಡಿಸ್ಟ್ರಿಕ್ಟ್‌ಗಳ ಆಡಿಟ್‌ಗೆ ಹೋಗ್ತಿದ್ದೀನಿ. ನಿಮ್ಮ ಅಧ್ಯಕ್ಷರು ಹೇಳಿದ್ದು ಅರ್ಧ ನಿಜ. ಈ ಆಕ್ಷೇಪಣೆಯನ್ನು ನಾನೇ ಎಷ್ಟು ಸಲ ಬರೆದಿದ್ದೀನೋ ಲೆಕ್ಕವಿಲ್ಲ. ಬರೆದು ಬರೆದು ನಮಗೂ ಜಡ್ಡು ಹಿಡಿದಿರುತ್ತೆ, ಓದೋರಿಗೂ ಹಿಡಿದಿರುತ್ತೆ.

ಮೊದಲು ಅದು ಯಾವ ದರ್ಜೆಯದ್ದು ನೋಡಿ. "ಸಿಗ್ನಿಫಿಕೆಂಟ್ ಡಿಫಿಶಿಯೆನ್ಸಿ" ಅಂದ್ರೆ ನಿಮ್ಮ ಗಮನಕ್ಕೆ ಬರಬೇಕಾದ ಕೊರತೆ. "ಮಟೀರಿಯಲ್ ವೀಕ್‌ನೆಸ್" ಅಂದ್ರೆ ಲೆಕ್ಕದಲ್ಲಿ ದೊಡ್ಡ ತಪ್ಪೇ ಆದರೂ ನಿಮ್ಮ ವ್ಯವಸ್ಥೆ ಅದನ್ನು ಸಕಾಲಕ್ಕೆ ಹಿಡಿಯದೇ ಹೋಗುವ ಸಾಧ್ಯತೆ ಸಾಕಷ್ಟಿದೆ ಅಂತ. ಎರಡನೆಯದಾಗಿದ್ರೆ "ಇದ್ದದ್ದೇ" ಅನ್ನೋ ಮಾತು ನಡೆಯಲ್ಲ. ಇನ್ನೊಂದು, ಹಣಕಾಸು ಪಟ್ಟಿಗಳ ಬಗ್ಗೆ ಆಡಿಟರ್ "ಸರಿಯಿದೆ" ಅಂತ ಕೊಟ್ಟ ಅಭಿಪ್ರಾಯ ನಿಮ್ಮ ಒಳ ನಿಯಂತ್ರಣಕ್ಕೆ ಕೊಟ್ಟ ಸರ್ಟಿಫಿಕೇಟ್ ಅಲ್ಲ. ಬೋರ್ಡ್‌ನವರು ಮೊದಲ ಪುಟ ಓದಿ ಖುಷಿಯಾಗಿ ಮನೆಗೆ ಹೋಗ್ತಾರೆ. ಆಕ್ಷೇಪಣೆ ಇರೋದು ಹಿಂದಿನ ಪುಟಗಳಲ್ಲಿ.

ಹಣದ ಕೆಲಸದಲ್ಲಿ ಒಪ್ಪಿಗೆ ಕೊಡೋದು, ಹಣ ಮುಟ್ಟೋದು, ಬರೆದಿಡೋದು, ತಾಳೆ ನೋಡೋದು ಅಂತ ನಾಲ್ಕು ಇವೆ. ನಾಲ್ಕಕ್ಕೂ ನಾಲ್ಕು ಜನ ಇಡೋಕೆ ನಿಮ್ಮಲ್ಲಿ ಆಗಲ್ಲ, ಒಪ್ಪಿದೆ. ಒಂದನ್ನಾದರೂ ಕಿತ್ತುಕೊಳ್ಳಿ. ನನ್ನ ಕೇಳಿದ್ರೆ ತಾಳೆ.

ನ್ಯೂಯಾರ್ಕ್‌ನಲ್ಲಿ ಕ್ಲೇಮ್ಸ್ ಆಡಿಟರ್ ಅಂತ ಒಬ್ಬರು ಇರಬೇಕಲ್ಲ, ಬಿಲ್ ಪಾವತಿಗೆ ಮುಂಚೆ ನೋಡೋರು? ಅವರು ಯಾರು, ಏನು ನೋಡ್ತಾರೆ?

ಮಾಗಡಿ ಹುಡುಗಿ

ಇದ್ದಾರೆ ಸರ್. ನಿವೃತ್ತ ಲೈಬ್ರೇರಿಯನ್. ಹದಿನೈದು ದಿನಕ್ಕೊಮ್ಮೆ ಬಂದು ಎರಡು ಗಂಟೆ ಕೂತು ಬಿಲ್ ಕಂತೆ ತಿರುವಿ ಸಹಿ ಹಾಕ್ತಾರೆ. ಬಿಲ್ಲಿನ ಮೊತ್ತ, ಆರ್ಡರ್ ಪ್ರತಿ, ಸಾಮಾನು ಬಂದ ಸಹಿ, ಮೂರೂ ಹೊಂದುತ್ತಾ ನೋಡ್ತಾರಂತೆ. ಆ ಕಂತೆಯನ್ನು ಜೋಡಿಸಿ ಕೊಡೋದು ನಮ್ಮ ಮೇಡಮ್ಮೇ.

ದರ್ಜೆ ನೋಡಿದೆ. ಮಟೀರಿಯಲ್ ವೀಕ್‌ನೆಸ್ ಅಂತಲೇ ಇದೆ.

ತಾಳೆಪಟ್ಟಿ

ನೋಡಿ, ಅಲ್ಲೇ ತೂತು. ಕಂತೆಗೆ ಬಂದ ಬಿಲ್ಲನ್ನು ಅವರು ನೋಡ್ತಾರೆ. ಕಂತೆಗೆ ಬಾರದೆ ಹೋದ ಚೆಕ್ಕನ್ನು ಯಾರು ನೋಡ್ತಾರೆ? ಚೆಕ್ ನಂಬರ್ 4101ರಿಂದ 4160ರವರೆಗೆ ಸಾಲಾಗಿ ಇದೆಯಾ, 4137 ಎಲ್ಲಿ ಅಂತ ಒಬ್ಬರೂ ಕೇಳದಿದ್ರೆ, ಉಳಿದ 59 ಬಿಲ್ ಎಷ್ಟು ಶುದ್ಧವಾಗಿದ್ದರೂ ಅಷ್ಟೇ.

ಪ್ರಶ್ನೆಚಿಹ್ನೆ

ಕ್ಷಮಿಸಿ, ನನಗೆ ಇದೆಲ್ಲ ಸ್ವಲ್ಪ ಅತಿ ಅನಿಸ್ತಿದೆ. 400 ಮಕ್ಕಳ ಶಾಲೆ. ಇನ್ನೊಬ್ಬ ಗುಮಾಸ್ತರನ್ನು ಇಟ್ಟರೆ ಸಂಬಳ, ಆರೋಗ್ಯ ವಿಮೆ ಸೇರಿ ಒಬ್ಬ ಟೀಚರ್ ಖರ್ಚು. ಮಕ್ಕಳ ಸಂಗೀತ ಕ್ಲಾಸ್ ನಿಲ್ಲಿಸಿ ತಾಳೆ ನೋಡೋರನ್ನು ಇಡಬೇಕಾ? ಕಳ್ಳತನ ಆಗಿದ್ರೆ ಆಡಿಟರ್ ಹೇಗೂ ಹಿಡೀತಾರೆ. ಅದಕ್ಕೇ ತಾನೇ ಅವರಿಗೆ ದುಡ್ಡು ಕೊಡೋದು?

ತಾಳೆಪಟ್ಟಿ

ಹಿಡಿಯಲ್ಲ ಸ್ವಾಮಿ. ನನ್ನ ವೃತ್ತಿಯ ಮರ್ಯಾದೆ ನಾನೇ ಕಳೀತಿದ್ದೀನಿ, ಆದರೂ ಹೇಳ್ತೀನಿ. ವಂಚನೆ ಪತ್ತೆ ಮಾಡೋರ ಸಂಘ ಎಸಿಎಫ್‌ಇ 2024ರಲ್ಲಿ ಕೊಟ್ಟ ವರದಿ ಪ್ರಕಾರ 43% ಪ್ರಕರಣ ಬಯಲಾಗಿದ್ದು ಯಾರೋ ಕೊಟ್ಟ ಸುಳಿವಿನಿಂದ. ಹೊರಗಿನ ಆಡಿಟ್‌ನಿಂದ 3%.

ಮಾಗಡಿಯವರೇ, ನೀವಿರೋ ರಾಜ್ಯದ್ದೇ ಕಥೆ ಕೇಳಿ. ಲಾಂಗ್ ಐಲೆಂಡ್‌ನ ರಾಸ್ಲಿನ್ ಡಿಸ್ಟ್ರಿಕ್ಟ್. ನಿಮ್ಮಷ್ಟು ಪುಟ್ಟದಲ್ಲ, ಶ್ರೀಮಂತರ ಊರು, ಮಕ್ಕಳೆಲ್ಲ ಒಳ್ಳೊಳ್ಳೆ ಕಾಲೇಜು ಸೇರೋರು. ಹಣಕಾಸು ನೋಡ್ತಿದ್ದ ಅಸಿಸ್ಟೆಂಟ್ ಸೂಪರಿಂಟೆಂಡೆಂಟ್ ಪಮೇಲಾ ಗ್ಲುಕಿನ್. ಡಿಸ್ಟ್ರಿಕ್ಟ್ ಕಾರ್ಡ್‌ನಲ್ಲಿ ಮನೆ ರಿಪೇರಿ ಸಾಮಾನು ಕೊಂಡಿದ್ದು 2002ರಲ್ಲಿ ಬೋರ್ಡ್‌ಗೆ ಗೊತ್ತಾಯ್ತು. ಏನು ಮಾಡಿದ್ರು? ಸುಮಾರು 2.5 ಲಕ್ಷ ಡಾಲರ್ ವಾಪಸ್ ಕಟ್ಟಿಸಿಕೊಂಡು, ರಾಜೀನಾಮೆ ತಗೊಂಡು, ಪೊಲೀಸರಿಗೆ ಹೇಳದೆ ಸುಮ್ಮನಾದ್ರು. ಆ ಸಲಹೆ ಕೊಟ್ಟ ಸೂಪರಿಂಟೆಂಡೆಂಟ್ (ಡಿಸ್ಟ್ರಿಕ್ಟ್‌ನ ಆಡಳಿತ ಮುಖ್ಯಸ್ಥ) ಫ್ರಾಂಕ್ ಟಸೋನ್ ತಾನೂ ತಿಂತಾ ಇದ್ದ. ಕಾಂಕಾರ್ಡ್ ವಿಮಾನದಲ್ಲಿ ಲಂಡನ್ನಿಗೆ ಹೋಗಿಬಂದ ಖರ್ಚೂ ಡಿಸ್ಟ್ರಿಕ್ಟ್ ಲೆಕ್ಕಕ್ಕೇ. 2004ರಲ್ಲಿ ಒಂದು ಅನಾಮಧೇಯ ಪತ್ರ ಬಂತು. ಅದರ ಸುದ್ದಿಯನ್ನು ಊರಿನ ದೊಡ್ಡ ಪತ್ರಿಕೆಗಳಿಗಿಂತ ಮೊದಲು ಅಚ್ಚು ಹಾಕಿದ್ದು ಹೈಸ್ಕೂಲ್ ಮಕ್ಕಳ ಪತ್ರಿಕೆ. 2005ರಲ್ಲಿ ರಾಜ್ಯ ಕಂಟ್ರೋಲರ್ (ಸರ್ಕಾರಿ ಲೆಕ್ಕ ನೋಡೋ ಅಧಿಕಾರಿ) ಆಡಿಟ್ ಮಾಡಿದಾಗ ಲೆಕ್ಕ 1.12 ಕೋಟಿ ಡಾಲರ್‌ಗೆ ಹೋಯ್ತು. ಇಬ್ಬರೂ ಜೈಲಿಗೆ ಹೋದರು. ಅಷ್ಟೂ ವರ್ಷ ಲೆಕ್ಕ ಸರಿಯಿದೆ ಅಂತ ಬರೆದುಕೊಟ್ಟ ಹೊರಗಿನ ಆಡಿಟರ್ ಕೂಡ ತಪ್ಪೊಪ್ಪಿಕೊಂಡರು.

ನೀವು ಕೂತಿರೋ ಆ ಆಡಿಟ್ ಕಮಿಟಿ ಇದೆಯಲ್ಲ, ಅದು ಕಡ್ಡಾಯ ಆಗಿದ್ದೇ ಈ ಹಗರಣ ಆದಮೇಲೆ, 2005ರ ಕಾನೂನಿನಲ್ಲಿ. ಬೋರ್ಡ್ ಸದಸ್ಯರಿಗೆ ಆರು ಗಂಟೆ ಹಣಕಾಸು ತರಬೇತಿ, ಐದು ವರ್ಷಕ್ಕೊಮ್ಮೆ ಹೊರಗಿನ ಆಡಿಟ್‌ಗೆ ಹೊಸದಾಗಿ ಪ್ರಸ್ತಾವನೆ ಕರೆಯೋದು, ಇಂಟರ್ನಲ್ ಆಡಿಟ್, ಎಲ್ಲ ಅದರಿಂದಲೇ ಬಂದವು. ಇಂಟರ್ನಲ್ ಆಡಿಟ್‌ನಿಂದ ತೀರಾ ಪುಟ್ಟ ಡಿಸ್ಟ್ರಿಕ್ಟ್‌ಗಳಿಗೆ ವಿನಾಯಿತಿ ಇಟ್ಟರು.

(ಆ ವರದಿ ಕೊಟ್ಟ ಕಂಟ್ರೋಲರ್ ಆಲನ್ ಹೆವೆಸಿ, ಹೆಂಡತಿಯನ್ನು ಓಡಾಡಿಸೋಕೆ ಸರ್ಕಾರಿ ನೌಕರನನ್ನು ಬಳಸಿದ್ದಕ್ಕೆ 2006ರಲ್ಲಿ ರಾಜೀನಾಮೆ ಕೊಟ್ಟ. ಆಮೇಲೆ ಪೆನ್ಷನ್ ನಿಧಿಯ ಹಗರಣದಲ್ಲಿ ಜೈಲಿಗೂ ಹೋದ. ಬೇಲಿಯೇ ಎದ್ದು ಹೊಲ ಮೇಯ್ದದ್ದು.)

ಹಾವೇರಿ ಮಾಸ್ತರ

ಅಕ್ಕಾರ, ನಿಮ್ಮ ಅಮೆರಿಕಾದ ಕತಿ ಓದಿ ನಗು ಬಂತ್ರಿ. ನಮ್ಮ ಸಾಲಿ ಕತಿನೂ ಇದ ಐತಿ, ಬರೇ ಸೊನ್ನಿ ಕಡಿಮಿ.

ನಾ ಸರಕಾರಿ ಪ್ರಾಥಮಿಕ ಸಾಲಿ ಹೆಡ್ ಮಾಸ್ತರ. 2001ರಾಗ ಎಸ್‌ಡಿಎಂಸಿ, ಅಂದ್ರ ಸಾಲಿ ಅಭಿವೃದ್ಧಿ ಉಸ್ತುವಾರಿ ಸಮಿತಿ ಬಂತು. ಪಾಲಕರೊಳಗ ಒಬ್ರು ಅಧ್ಯಕ್ಷ್ರು, ಹೆಡ್ ಮಾಸ್ತರ ಕಾರ್ಯದರ್ಶಿ, ಬ್ಯಾಂಕ್ ಖಾತೆ ಇಬ್ಬರ ಜಂಟಿ. ಕಾಗದದ ಮ್ಯಾಲೆ ನೋಡಿದ್ರ ಭಾಳ ಚಂದ. ನಮ್ಮ ಅಧ್ಯಕ್ಷ್ರು ಮೆಣಸಿನಕಾಯಿ ಸೀಜನ್ನಿನ್ಯಾಗ ಬ್ಯಾಡಗಿ ಮಾರ್ಕೆಟ್ಟಿಗೆ ಹಮಾಲಿಗೆ ಹೋಗ್ತಿದ್ರು. ಹೋಗೂ ಮುಂದ ಚೆಕ್‌ಬುಕ್ಕಿನ ಅಷ್ಟೂ ಹಾಳಿಗೆ ಸಹಿ ಗೀಚಿ, "ನೀವ ಅದೀರಲ್ರಿ ಸರ, ಪದೇ ಪದೇ ನನ್ನ ಯಾಕ ಕರಿಸ್ತೀರಿ" ಅಂತ ನನ್ನ ಟೇಬಲ್ ಮ್ಯಾಲೆ ಇಟ್ಟು ಹೋದ್ರು. ಒಂದು ದಿನದ ಹಮಾಲಿ ಬಿಟ್ಟು ಬಂದು 800 ರೂಪಾಯಿ ಸುಣ್ಣಬಣ್ಣದ ಚೆಕ್ಕಿಗೆ ಸಹಿ ಹಾಕ್ರಿ ಅನ್ನಾಕ ನನಗೂ ಮನಸ್ಸಾಗಲಿಲ್ರಿ.

ಆಡಿಟ್ ಪಾರ್ಟಿ ಬಂತು. ಖಾಲಿ ಚೆಕ್ಕಿನ ಮ್ಯಾಲೆ ಸಹಿ ಕಂಡು ಪ್ಯಾರಾ, ಅಂದ್ರ ಆಕ್ಷೇಪಣೆ ಬರದ್ರು. ಒಂದ ರೂಪಾಯಿ ಹೋಗಿರಲಿಲ್ಲ. ನಾ ಅದನ್ನ ಹೇಳಿದ್ದಕ್ಕ ಆ ಆಡಿಟರ್ ಸಾಹೇಬ್ರು ಕನ್ನಡಕ ತಗದು ಏನಂದ್ರು ಗೊತ್ತೇನ್ರಿ? "ಮೇಷ್ಟ್ರೇ, ಹೋಗಿಲ್ಲ ಅಂತ ನಿಮಗ ಗೊತ್ತು. ನನಗ ಹೆಂಗ ಗೊತ್ತಾಗಬೇಕು?" ಆ ಪ್ಯಾರಾ ಕೈಬಿಡಿಸಾಕ ಅನುಪಾಲನಾ ವರದಿ ಹಿಡಕೊಂಡು ಬಿಇಒ ಆಫೀಸಿಗೆ ಎಷ್ಟು ಸಲ ಅಡ್ಡಾಡೀನಿ ಅನ್ನೂದು ನನ್ನ ಬೈಕಿಗೆ ಗೊತ್ತು.

ಈಗ ಚೆಕ್ ಹೋತ್ರಿ. 2021ರಿಂದ ಶೂನ್ಯ ಶಿಲ್ಕಿನ ಖಾತೆ, ಪಿಎಫ್‌ಎಂಎಸ್ ಅನ್ನೂ ಸರಕಾರಿ ಆನ್‌ಲೈನ್ ಪಾವತಿ, ಬಿಲ್ ತುಂಬಾಕ ಮೇಕರ್ ಒಬ್ರು, ಒಪ್ಪಿಗಿ ಕೊಡಾಕ ಚೆಕರ್ ಒಬ್ರು. ಖರೇ ಹೇಳ್ಲೇನ್ರಿ? ಭಾಳಷ್ಟು ಸಾಲ್ಯಾಗ ಎರಡೂ ಪಾಸ್‌ವರ್ಡ್ ಒಬ್ಬರದ ಡೈರಿ ಕಡೀ ಹಾಳ್ಯಾಗ ಇರ್ತಾವು.

ಕುಂದಾಪ್ರದವ

ಮಾಸ್ಟ್ರೇ, ಆ ಆಡಿಟರ್ ಹೇಳಿದ ಮಾತನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗು ಹಾಕ್ಬೇಕು.

ತಾಳೆಪಟ್ಟಿ

ಮೇಷ್ಟ್ರೇ, ಖಾಲಿ ಚೆಕ್ಕಿಗೆ ಮುಂಚೆಯೇ ಸಹಿ ಹಾಕಿಡೋದು ಇಲ್ಲೂ ಇದೆ, ಹೆಸರು ಬೇರೆ. ಖಜಾಂಚಿಯ ಸಹಿಯನ್ನು ಸಾಫ್ಟ್‌ವೇರ್‌ನಲ್ಲಿ ತುಂಬಿಸಿ ಇಟ್ಟಿರ್ತಾರೆ, ಚೆಕ್ ಜತೆಗೇ ಪ್ರಿಂಟ್ ಆಗಿ ಬರುತ್ತೆ. ಆ ಸಹಿಯ ಪಾಸ್‌ವರ್ಡ್ ಖಜಾಂಚಿ ಬಳಿ ಮಾತ್ರ ಇರಬೇಕು ಅಂತ ನಿಯಮ. ಹೋಗಿ ನೋಡಿದ್ರೆ ಗುಮಾಸ್ತರ ಕೀಬೋರ್ಡ್ ಕೆಳಗೆ ಹಳದಿ ಚೀಟಿ.

ಚಿಲ್ಲರೆ ಕಾಸು

ಇಷ್ಟು ಹೊತ್ತು ಸುಮ್ಮನೆ ಓದ್ತಿದ್ದೆ. ಈಗ ಮಾತಾಡಲೇಬೇಕು, ಯಾಕಂದ್ರೆ ನೀವೆಲ್ಲ ಮಾತಾಡ್ತಿರೋ ಆ "ಮೇಡಂ" ನಾನೇ. ಮಾಗಡಿಯವರ ಊರಿನವಳಲ್ಲ, ಬೇರೆ ರಾಜ್ಯ. ಆದರೆ ಅದೇ ಕುರ್ಚಿ, ಹನ್ನೊಂದು ವರ್ಷದಿಂದ.

ಆಕ್ಷೇಪಣೆ ಬಂದಾಗಲೆಲ್ಲ ಆ ಪುಟದಲ್ಲಿ ನನ್ನ ಹೆಸರಿರಲ್ಲ, ಹುದ್ದೆ ಇರುತ್ತೆ. ಊರಲ್ಲಿ ಆ ಹುದ್ದೆಯಲ್ಲಿರೋದು ನಾನೊಬ್ಬಳೇ. ವರದಿ ಎಲ್ಲರೂ ನೋಡೋ ಹಾಗೆ ವೆಬ್‌ಸೈಟ್‌ಗೆ ಹಾಕ್ತಾರೆ. ಆಮೇಲೆ ಅಂಗಡಿಯಲ್ಲಿ ಹಾಲು ತಗೋತಾ ಯಾರಾದರೂ ನನ್ನನ್ನು ಒಂದು ಕ್ಷಣ ಜಾಸ್ತಿ ನೋಡಿದ್ರೂ ಎದೆ ಧಸಕ್ಕನ್ನುತ್ತೆ.

ಹನ್ನೊಂದು ವರ್ಷದಲ್ಲಿ ಒಂದು ವಾರ ಪೂರ್ತಿ ರಜೆ ಹಾಕಿಲ್ಲ. ಸಂಬಳ ಯಾರು ಓಡಿಸ್ತಾರೆ? ಬಾಣಂತನಕ್ಕೆ ಅಮ್ಮ ಬಂದಾಗ ಮಗುವನ್ನು ಅವರ ಕೈಗೆ ಕೊಟ್ಟು ಐದನೇ ವಾರಕ್ಕೆ ಆಫೀಸಿಗೆ ಹೋದೆ. ಎಲ್ಲರೂ ಮೆಚ್ಚಿಕೊಂಡರು, ಕೇಕ್ ಕತ್ತರಿಸಿದರು.

ನೂರು ಡಾಲರ್ ಎಲ್ಲೋ ತಪ್ಪಿದರೆ ಅದು ನನ್ನ ತಪ್ಪಲ್ಲ ಅಂತ ತೋರಿಸೋಕೆ ನನ್ನ ಹತ್ತಿರ ಏನಿದೆ? ಬೇರೆ ಯಾರೂ ನೋಡೇ ಇಲ್ಲವಲ್ಲ. ನಂಬಿಕೆ ನಂಬಿಕೆ ಅಂತೀರಿ. ಆ ನಂಬಿಕೆಯ ಭಾರವನ್ನು ಒಬ್ಬಳ ತಲೆ ಮೇಲೆ ಹೊರಿಸಿ ಉಳಿದವರು ಹಗುರಾಗಿದ್ದೀರಿ. ಮಾಗಡಿಯವರೇ, ಸಂಕೋಚ ಬಿಟ್ಟು ಆ ಮೇಡಂ ಹತ್ರ ನೇರ ಹೋಗಿ ಮಾತಾಡಿ. ಬೋರ್ಡ್ ಮೀಟಿಂಗ್‌ನಲ್ಲಿ ಎಲ್ಲರೆದುರು ಮಾತ್ರ ಬೇಡ.

ಪ್ರಶ್ನೆಚಿಹ್ನೆ

ಈ ಕೋನದಿಂದ ನಾನು ಯೋಚನೆ ಮಾಡಿರಲಿಲ್ಲ ಅಕ್ಕ. ಆದರೂ ನನ್ನ ದುಡ್ಡಿನ ಪ್ರಶ್ನೆಗೆ ಉತ್ತರ ಬಂದಿಲ್ಲ.

ತಾಳೆಪಟ್ಟಿ

ರಜೆ ಅಂದ್ರಲ್ಲ, ಡಿಕ್ಸನ್ ನೆನಪಾಯ್ತು. ಶಾಲೆಯಲ್ಲ, ಇಲಿನಾಯ್ ರಾಜ್ಯದ ಪುಟ್ಟ ಊರು, ಜನಸಂಖ್ಯೆ ಸುಮಾರು 16,000. ಊರಿನ ಲೆಕ್ಕವೆಲ್ಲ ರೀಟಾ ಕ್ರಂಡ್‌ವೆಲ್ ಒಬ್ಬರ ಕೈಯಲ್ಲಿ. 1990ರಲ್ಲಿ ಊರಿನ ಹೆಸರಲ್ಲೇ ಒಂದು ಗುಟ್ಟಿನ ಖಾತೆ ತೆರೆದು, 22 ವರ್ಷದಲ್ಲಿ 5.37 ಕೋಟಿ ಡಾಲರ್ ಅದಕ್ಕೆ ಸಾಗಿಸಿದ್ದರು. ಆ ದುಡ್ಡಲ್ಲಿ ಕುದುರೆ ಸಾಕಿದ್ರು, ದೇಶಕ್ಕೇ ಹೆಸರಾದ ಕುದುರೆಗಳು. ಪ್ರತಿವರ್ಷ ಆಡಿಟ್ ಆಗ್ತಿತ್ತು. 2011ರಲ್ಲಿ ಅವರು ದೀರ್ಘ ರಜೆ ಹಾಕಿದಾಗ, ಜಾಗಕ್ಕೆ ಬಂದ ನಗರಸಭೆ ಕ್ಲರ್ಕ್ ಬ್ಯಾಂಕಿಗೆ ಹೇಳಿ ಎಲ್ಲ ಖಾತೆಗಳ ಸ್ಟೇಟ್‌ಮೆಂಟ್ ತರಿಸಿದರು. ಅದರಲ್ಲಿ ಯಾರೂ ಕೇಳರಿಯದ ಒಂದು ಖಾತೆ. ಅಷ್ಟೇ, ಮೇಯರ್ ಎಫ್‌ಬಿಐಗೆ ಫೋನ್ ಮಾಡಿದರು. 2013ರಲ್ಲಿ 19 ವರ್ಷ 7 ತಿಂಗಳು ಶಿಕ್ಷೆ ಆಯ್ತು.

ಪ್ರಶ್ನೆಚಿಹ್ನೆಯವರೇ, ಅಲ್ಲಿ ಕೆಲಸಕ್ಕೆ ಬಂದಿದ್ದು ಹೊಸ ಹುದ್ದೆಯಲ್ಲ. ಲಕೋಟೆಯನ್ನು ಬೇರೆಯವರು ಒಡೆದರು, ಅಷ್ಟೇ. ಹಾಗಾಗಿ ಮಾಗಡಿಯವರೇ, ಬ್ಯಾಂಕ್ ಸ್ಟೇಟ್‌ಮೆಂಟ್ ನೇರ ಸೂಪರಿಂಟೆಂಡೆಂಟ್‌ಗೆ ಹೋಗಲಿ, ಅಥವಾ ನೋಡೋಕಷ್ಟೇ ಬರುವ ಲಾಗಿನ್ ಒಂದನ್ನು ಅವರಿಗೆ ಮಾಡಿಸಿ. ತಿಂಗಳಿಗೆ ಇಪ್ಪತ್ತು ನಿಮಿಷದ ಕೆಲಸ. ಹೊಸ ಸಪ್ಲೈಯರ್ ಸೇರಿದ ಪಟ್ಟಿ, ಸಂಬಳದಲ್ಲಿ ಬದಲಾದ ಹೆಸರುಗಳ ಪಟ್ಟಿ, ಎರಡೂ ಸಾಫ್ಟ್‌ವೇರ್‌ನಲ್ಲೇ ಇರುತ್ತೆ, ಪ್ರಿಂಟ್ ಹಾಕಿ ಅವರೇ ಸಹಿ ಮಾಡಲಿ. ನಿಮ್ಮ ಲೈಬ್ರೇರಿಯನ್‌ಗೆ ಚೆಕ್ ನಂಬರಿನ ಸಾಲನ್ನೂ ನೋಡೋಕೆ ಹೇಳಿ. ಸಂಬಳ ಓಡಿಸೋಕೆ ಬೊಸೀಸ್ (ಡಿಸ್ಟ್ರಿಕ್ಟ್‌ಗಳಿಗೆ ಸೇವೆ ಹಂಚಿ ಕೊಡೋ ಸಹಕಾರಿ ಸಂಸ್ಥೆ) ಇದೆಯಲ್ಲ, ನಿಮ್ಮ ರಾಜ್ಯದಲ್ಲಿ 37 ಇವೆ. ಎಷ್ಟೋ ಪುಟ್ಟ ಡಿಸ್ಟ್ರಿಕ್ಟ್‌ಗಳು ಲೆಕ್ಕದ ಕೆಲಸವನ್ನು ಅಲ್ಲಿಂದ ಹಂಚಿಕೊಂಡು ಕೊಳ್ಳುತ್ತವೆ. ರಜೆ ಕಾಲಕ್ಕೆ ಅಲ್ಲಿಂದ ಒಬ್ಬರು ಬರಬಹುದು.

ವರದಿ ಕೈಗೆ ಬಂದ 90 ದಿನದೊಳಗೆ ಸುಧಾರಣಾ ಕ್ರಮದ ಪಟ್ಟಿ ಕೊಡಬೇಕು ಅನ್ನೋದು ನೆನಪಿರಲಿ. "ಪರಿಶೀಲಿಸುತ್ತೇವೆ" ಅಂತ ಈ ಸಲವೂ ಬರೆದರೆ ಕಾಗುಣಿತವಾದ್ರೂ ತಿದ್ದಿ.

ಹಾವೇರಿ ಮಾಸ್ತರ

ಅಕ್ಕಾರ, ಮಕ್ಕಳ ರೊಕ್ಕ ಏನ ಮಾಡ್ತೀರಿ? ಟೂರಿಂದು, ಗ್ಯಾದರಿಂಗಿಂದು? ನಮ್ಮಲ್ಲಿ ದೊಡ್ಡ ತಂಟೆ ಅದರಾಗ. ರಸೀದಿ ಹರಿಯೂದಿಲ್ಲ, ಮಾಸ್ತರರ ಕಿಸೆದಾಗ ಇರ್ತೈತಿ.

ಮಾಗಡಿ ಹುಡುಗಿ

ಅಯ್ಯೋ ಮೇಷ್ಟ್ರೇ, ನಮ್ಮ ಎರಡನೇ ಆಕ್ಷೇಪಣೆಯೇ ಅದು! ಕಾರ್ ತೊಳೆದು, ಕುಕೀ ಮಾರಿ ಮಕ್ಕಳು ಸೇರಿಸೋ ಹಣ. ಬ್ಯಾಂಕಿಗೆ ಕಟ್ಟೋಕೆ ಮುಂಚೆ ಎಷ್ಟು ಬಂತು ಅನ್ನೋಕೆ ದಾಖಲೆ ಇಲ್ಲ ಅಂತ ಬರೆದಿದ್ದಾರೆ. ನಂಬರ್ ಹಾಕಿದ ರಸೀದಿ ಪುಸ್ತಕ ತರಿಸ್ತಿದ್ದೀನಿ.

ಮಾಗಡಿ ಹುಡುಗಿ (ಹತ್ತು ವಾರದ ನಂತರ)

ಏನಾಯ್ತು ಅಂತ ತುಂಬ ಜನ ಮೆಸೇಜ್ ಮಾಡಿ ಕೇಳಿದ್ರಿ.

ಚಿಲ್ಲರೆ ಕಾಸು ಅಕ್ಕ ಹೇಳಿದ ಹಾಗೆ ಮೊದಲು ಮೇಡಂ ಹತ್ರವೇ ಹೋದೆ. ಬಾಗಿಲು ಹಾಕಿಕೊಂಡು, "ಇದು ನಿಮ್ಮ ಮೇಲಿನ ಅನುಮಾನ ಅಲ್ಲ" ಅಂತ ಶುರುಮಾಡಿದ್ದಷ್ಟೇ. ಅವರು ಡ್ರಾಯರ್ ಎಳೆದು ಒಂದು ಫೈಲ್ ಕೊಟ್ಟರು. ಆರು ವರ್ಷದ ಹಿಂದೆ ಅವರೇ ಆಗಿನ ಸೂಪರಿಂಟೆಂಡೆಂಟ್‌ಗೆ ಬರೆದ ಪತ್ರ: ತಾಳೆ ಕೆಲಸ ಬೇರೆ ಯಾರಿಗಾದರೂ ಕೊಡಿ ಅಂತ. ಉತ್ತರ ಬಂದಿರಲಿಲ್ಲ. ನನಗೆ ಮಾತೇ ಹೊರಡಲಿಲ್ಲ.

ಸೂಪರಿಂಟೆಂಡೆಂಟ್‌ಗೆ ಲಾಗಿನ್ ಮಾಡಿಸಿದ್ವಿ. ಮೊದಲ ರಾತ್ರಿಯೇ ನನಗೆ ಫೋನ್: ಬೋರ್ಡ್ ಪಟ್ಟಿಯಲ್ಲಿ ಇಲ್ಲದ ಖಾತೆ ಒಂದಿದೆ! ಡಿಕ್ಸನ್ ಕಥೆ ತಲೆಯಲ್ಲಿದ್ದದ್ದಕ್ಕೆ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಮೇಡಂ ನಕ್ಕುಬಿಟ್ಟರು. 1998ರ ಬ್ಯಾಚ್ ಮಕ್ಕಳು ಉಳಿಸಿಟ್ಟು ಹೋದ ಹಣವಂತೆ, 612 ಡಾಲರ್, ಅಂದಿನಿಂದ ಅಲ್ಲೇ ಮಲಗಿದೆ. "ನನಗೆ ಗೊತ್ತಿತ್ತು. ಯಾರೂ ಕೇಳಲಿಲ್ಲ" ಅಂದ್ರು.

ಬೊಸೀಸ್‌ನಿಂದ ಒಬ್ಬರು ಎರಡು ವಾರ ಬಂದು ಕೂತರು. ಹಿಂದೆ ಬಿದ್ದ ನಾಲ್ಕು ತಿಂಗಳ ತಾಳೆ ಮುಗಿಯಿತು. ವ್ಯತ್ಯಾಸ ಬಂದಿದ್ದು 38 ಡಾಲರ್, ಊಟದ ಕೌಂಟರಿನ ಒಂದು ದಿನದ ಜಮೆಯನ್ನು ಎರಡು ಸಲ ಬರೆದಿದ್ದು. ಬೋರ್ಡ್ ಅಧ್ಯಕ್ಷರು ಇನ್ನೂ ಮುನಿಸಿಕೊಂಡಿದ್ದಾರೆ. ಇಷ್ಟಕ್ಕೆ ಇಷ್ಟು ಗಲಾಟೆಯಾ ಅಂತ.

ಕುಂದಾಪ್ರದವ

ಆ ಎರಡು ವಾರ ನಿಮ್ಮ ಮೇಡಂ ಎಲ್ಲಿಗೆ ಹೋದ್ರಂತೆ?

ಮಾಗಡಿ ಹುಡುಗಿ

ಮಗಳ ಮನೆಗೆ, ಫ್ಲೋರಿಡಾಗೆ. ಒಂಬತ್ತನೇ ದಿನ ಬೆಳಿಗ್ಗೆ ಏಳಕ್ಕೆ ಆಫೀಸಿಗೆ ಫೋನ್ ಮಾಡಿ, "ಸಂಬಳ ಹೋಯ್ತಾ?" ಅಂತ ಕೇಳಿದ್ರು. ಹೋಯ್ತು ಅಂದ್ವಿ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದೂ ತಪ್ಪಿಲ್ವಾ?" ಅಂದ್ರು.